ಮರಳು ತೊಳೆಯಲು ಹೋದವರು

ಕೇಳುಗರಿಗೆ ನಮಸ್ಕಾರ.

ಮೆಲ್ಬರ್ನಿನ ನಮ್ಮ ಕನ್ನಡದ ಮನೆಗಳಲ್ಲಿ ಮಕ್ಕಳು ಹತ್ತನೇ ಕ್ಲಾಸಿಗೆ ಬಂದರೆ ಒಂದು ಫಾರ್ಮು ಅಡುಗೆಮನೆ ಕಟ್ಟೆ ಮೇಲೆ ಬಂದು ಕೂರುತ್ತದೆ. "ಅಮ್ಮಾ, ಇಲ್ಲಿ ಸೈನ್ ಮಾಡು. ಕಾಂಬೋಡಿಯಾಕ್ಕೆ ಸರ್ವಿಸ್ ಟ್ರಿಪ್." ಹತ್ತು ದಿನ, ಹಳ್ಳಿಯಲ್ಲಿ ಕೆಲಸ, ಕೊನೆಗೆ ಅಂಕೋರ್ ವಾಟ್. ಫಾರ್ಮಿನ ಹಿಂದೆ ಎರಡು ಪುಟ ನಿಯಮ ಇರುತ್ತದೆ. ಅದನ್ನು ಯಾರೂ ಓದುವುದಿಲ್ಲ. ನಾವು ಕೇಳುವುದು ಇಷ್ಟೇ: ಇನ್ಶೂರೆನ್ಸ್ ಇದೆಯಾ? ವೆಜಿಟೇರಿಯನ್ ಊಟ ಸಿಗುತ್ತಾ?

ನಾನು ಇಲ್ಲಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಇಂಥ ಪ್ರವಾಸಕ್ಕೆ ಮಕ್ಕಳ ಜೊತೆ ಎರಡು ಸಲ ಹೋಗಿ ಬಂದಿದ್ದೇನೆ. 2012ರಲ್ಲಿ ಒಮ್ಮೆ, 2019ರಲ್ಲಿ ಒಮ್ಮೆ. ಎರಡು ಸಲವೂ ಸಿಯೆಮ್ ರೀಪ್ ಪಟ್ಟಣದ ಸುತ್ತಮುತ್ತ. ಜಾಗ ಒಂದೇ, ನಿಯಮದ ಹಾಳೆ ಮಾತ್ರ ಬೇರೆ ಬೇರೆ. ಇವತ್ತು ಆ ಎರಡು ಹಾಳೆಗಳ ವಿಷಯ ಹೇಳುತ್ತೇನೆ.

2012ರ ಹಾಳೆ ಇನ್ನೂ ನನ್ನ ಹತ್ತಿರ ಇದೆ. ಬಾಟಲಿ ನೀರನ್ನೇ ಕುಡಿಯಬೇಕು. ಸೊಳ್ಳೆ ಕ್ರೀಮ್ ಹಚ್ಚಬೇಕು. ಮೋಟರ್ ಬೈಕ್ ಹತ್ತಬಾರದು. ಬಿಯರ್ ಮುಟ್ಟಬಾರದು. ಪಾಸ್‌ಪೋರ್ಟ್ ಟೀಚರ್ ಹತ್ತಿರ ಇರಬೇಕು. ನಾಯಿ, ಕೋತಿಗಳ ಹತ್ತಿರ ಹೋಗಬಾರದು, ಅಲ್ಲಿ ರೇಬಿಸ್ ಇದೆ. ಯಾವುದೂ ತಪ್ಪಲ್ಲ. ಈಗಲೂ ಅವೆಲ್ಲ ಬೇಕು. ಆದರೆ ಎರಡೂ ಪುಟ ತಿರುವಿ ಹಾಕಿ, ಎಲ್ಲಾ ನಮ್ಮ ಮಕ್ಕಳನ್ನು ಕಾಪಾಡುವ ಮಾತೇ. ನಾವು ಹೋಗುತ್ತಿರುವ ಊರಿನವರ ಬಗ್ಗೆ ಒಂದು ಸಾಲೂ ಇಲ್ಲ.

ಆ ಸಲ ನಾಲ್ಕನೇ ದಿನ ನಮ್ಮನ್ನು ಒಂದು ಅನಾಥಾಲಯಕ್ಕೆ ಕರೆದುಕೊಂಡು ಹೋದರು. ಬಸ್ಸು ನಿಲ್ಲುತ್ತಿದ್ದ ಹಾಗೇ ಪುಟ್ಟ ಮಕ್ಕಳು ಓಡಿ ಬಂದು ನಮ್ಮವರ ಸೊಂಟ ತಬ್ಬಿಕೊಂಡರು. ಡ್ಯಾನ್ಸ್ ಮಾಡಿದರು. ನಮ್ಮ ಹುಡುಗಿಯರು ಅವರನ್ನು ಎತ್ತಿಕೊಂಡರು, ಸೆಲ್ಫಿ ತೆಗೆದರು, ಹೊರಡುವಾಗ ಅತ್ತರು. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ. ಒಂದು ಮಗು ನಮ್ಮ ಹುಡುಗನ ಬೆರಳು ಬಿಡದೆ "ಟುಮಾರೋ?" ಅಂತ ಕೇಳಿತು. ಅವನು "ಯೆಸ್, ಟುಮಾರೋ" ಅಂದ. ಮರುದಿನ ಬೆಳಿಗ್ಗೆ ನಾವು ರಾಜಧಾನಿ ನಾಮ್ ಪೆನ್‌ಗೆ ಹೋಗುವ ಬಸ್ಸಿನಲ್ಲಿದ್ದೆವು.

ವಾಪಸ್ ಬಂದ ಮೇಲೆ ಓದಿದೆ. ಯೂನಿಸೆಫ್ ಲೆಕ್ಕದ ಪ್ರಕಾರ 2005ರಲ್ಲಿ ಕಾಂಬೋಡಿಯಾದಲ್ಲಿ ಇಂಥ ಮಕ್ಕಳ ನಿಲಯಗಳು 154 ಇದ್ದವು. 2010ಕ್ಕೆ 269 ಆದವು. ಐದು ವರ್ಷದಲ್ಲಿ ಅಷ್ಟು ಅನಾಥರು ಎಲ್ಲಿಂದ ಬಂದರು? ಲಕ್ಷಗಟ್ಟಲೆ ಜನರನ್ನು ಬಲಿ ತೆಗೆದುಕೊಂಡ ಪೋಲ್ ಪಾಟ್ ಆಡಳಿತ 1979ಕ್ಕೇ ಮುಗಿದಿತ್ತು. ಬಂದದ್ದು ಅನಾಥರಲ್ಲ. ಪ್ರವಾಸಿಗರು ಬಂದರು, ಡಾಲರ್ ಬಂತು. ಆ ನಿಲಯಗಳಲ್ಲಿದ್ದ ನಾಲ್ಕು ಮಕ್ಕಳಲ್ಲಿ ಸುಮಾರು ಮೂವರಿಗೆ ಅಪ್ಪನೋ ಅಮ್ಮನೋ ಬದುಕಿದ್ದರು. ಸ್ಕೂಲು ಕೊಡಿಸುತ್ತೇವೆ, ಹೊಟ್ಟೆ ತುಂಬಾ ಊಟ ಹಾಕುತ್ತೇವೆ ಅಂದರೆ ಬಡವರು ಮಕ್ಕಳನ್ನು ಬಿಟ್ಟು ಹೋಗುತ್ತಿದ್ದರು. ನಾವು ಹೋದ ನಿಲಯ ಎಂಥದ್ದೋ, ಅದರ ಮೇಲೆ ನಾನು ಏನೂ ಹೇಳಲಾರೆ. ಆದರೆ ಒಂದು ಯೋಚನೆ ತಲೆಯಲ್ಲಿ ಕೂತುಬಿಟ್ಟಿತು. ಇಲ್ಲಿ ಮೆಲ್ಬರ್ನಿನಲ್ಲಿ ಬೇರೆಯವರ ಮಕ್ಕಳ ಜೊತೆ ಕೆಲಸ ಮಾಡಬೇಕಾದರೆ ಪೊಲೀಸ್ ದಾಖಲೆ ನೋಡಿ ಕಾರ್ಡು ಕೊಡುತ್ತಾರೆ. ಅಲ್ಲಿ ಬಸ್ಸಿನಿಂದ ಇಳಿದವರೆಲ್ಲ ಮಗುವನ್ನು ಎತ್ತಿಕೊಳ್ಳಬಹುದಾ?

ನಾನೊಬ್ಬಳೇ ಕೇಳಿದ ಪ್ರಶ್ನೆ ಅಲ್ಲ ಇದು. ಫ್ರೆಂಡ್ಸ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ 2011ರಲ್ಲೇ ಕಾಂಬೋಡಿಯಾದಲ್ಲಿ "ಮಕ್ಕಳು ಪ್ರವಾಸಿ ತಾಣಗಳಲ್ಲ" ಅಂತ ಪ್ರಚಾರ ಶುರು ಮಾಡಿತ್ತು. ನಾವು ಓಡಾಡಿದ್ದು ಅದರ ಮರುವರ್ಷ, ಆದರೂ ನಮ್ಮ ಕಣ್ಣಿಗೆ ಬೀಳಲಿಲ್ಲ. 2018ರಲ್ಲಿ ಆಸ್ಟ್ರೇಲಿಯಾ ಆಧುನಿಕ ಗುಲಾಮಗಿರಿ ಕಾಯ್ದೆ ತಂದಾಗ ಅನಾಥಾಲಯ ತುಂಬಿಸಲು ಮಕ್ಕಳನ್ನು ಸಾಗಿಸುವ ವಿಷಯವೂ ಅದರ ಚರ್ಚೆಯಲ್ಲಿ ಬಂತು. 2019ರ ಡಿಸೆಂಬರಿನಲ್ಲಿ, ನಾವು ಎರಡನೇ ಸಲ ಹೋಗಿ ಬಂದ ಮೇಲೆ, ವಿಶ್ವಸಂಸ್ಥೆಯ ಸಾಮಾನ್ಯ ಸಭೆಯ ನಿರ್ಣಯದಲ್ಲೂ ಇದು ಸೇರಿತು.

ಹಾಗಾಗಿ 2019ರ ಹಾಳೆ ಬರೆಯುವಾಗ ಮೊದಲ ಸಾಲು ಸುಲಭವಾಗಿತ್ತು. ಅನಾಥಾಲಯಕ್ಕೆ ಹೋಗುವುದಿಲ್ಲ. ಎರಡನೆಯದು: ಯಾವ ಮಗುವನ್ನೂ ಎತ್ತಿಕೊಳ್ಳುವುದಿಲ್ಲ, ಯಾವ ಮಗುವಿನ ಜೊತೆಯೂ ಒಬ್ಬರೇ ಇರುವುದಿಲ್ಲ. ಮೂರನೆಯದು: ಮತ್ತೆ ಬರುತ್ತೇನೆ, ಕಳಿಸಿಕೊಡುತ್ತೇನೆ ಅಂತ ಮಾತು ಕೊಡುವುದಿಲ್ಲ. ಆ "ಟುಮಾರೋ" ನನ್ನ ಕಿವಿಯಲ್ಲಿ ಇನ್ನೂ ಇತ್ತು.

ಫೋಟೊ ನಿಯಮಕ್ಕೆ ಜಾಸ್ತಿ ಜಗಳ ಆಯಿತು. ಕೆಲಸದ ಹೊತ್ತಿನಲ್ಲಿ ಫೋನು ಬ್ಯಾಗಿನೊಳಗೆ. ದಿನಕ್ಕೊಬ್ಬರು ಮಾತ್ರ ಫೋಟೊ ತೆಗೆಯುವವರು. ತೆಗೆಯುವ ಮೊದಲು ಕೇಳಬೇಕು, ತೆಗೆದದ್ದನ್ನು ಅವರಿಗೇ ತೋರಿಸಬೇಕು, ಇನ್‌ಸ್ಟಾಗ್ರಾಮಿಗೆ ಹಾಕುವುದಾದರೆ ಅದನ್ನೂ ಕೇಳಬೇಕು. "ಮಿಸ್, ಇದು ತುಂಬಾ ಓವರ್" ಅಂದರು ಹುಡುಗರು. ಆಗ ಅವರಿಗೆ ನಮ್ಮೂರ ಕತೆ ಹೇಳಿದೆ.

ನಮ್ಮೂರು ತಿಪಟೂರಿನ ಹತ್ತಿರ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಶಾಲೆ ನೋಡಲು ಫಾರಿನ್ನಿನವರು ಬರುತ್ತಾರೆ ಅಂತ ಮೇಷ್ಟ್ರು ಹೇಳಿ ಕಳಿಸಿದ್ದರು. ಅವ್ವ ತಲೆಗೆ ಎಣ್ಣೆ ಹಚ್ಚಿ, ಎರಡು ಜಡೆ ಹಾಕಿ, ಕನಕಾಂಬರ ಮುಡಿಸಿ, ಹಬ್ಬಕ್ಕೆ ಇಟ್ಟಿದ್ದ ಫ್ರಾಕು ಹಾಕಿದಳು. ನಾನು ಮುಂದಿನ ಸಾಲಿನಲ್ಲಿ ನಿಂತೆ. ಕ್ಯಾಮೆರಾ ಹಿಡಿದಿದ್ದ ಹೆಂಗಸು ನನ್ನನ್ನು ನೋಡಿ ನಕ್ಕು, ಸ್ವಲ್ಪ ಪಕ್ಕಕ್ಕೆ ಸರಿ ಅಂತ ಕೈ ಮಾಡಿದಳು. ನನ್ನ ಹಿಂದೆ ಸಿಂಬಳ ಸುರಿಸಿಕೊಂಡು ಹರಕು ಅಂಗಿಯಲ್ಲಿ ನಿಂತಿದ್ದ ಹುಡುಗ ಅವಳಿಗೆ ಬೇಕಾಗಿದ್ದ. ಅವನ ಅಮ್ಮನಿಗೆ ಆ ವಾರ ಜ್ವರ, ಅದಕ್ಕೇ ಹಾಗೆ ಬಂದಿದ್ದ. ಬೇರೆ ದಿನ ನನಗಿಂತ ನೀಟಾಗಿ ಬರುತ್ತಿದ್ದ. ಆ ಫೋಟೊ ಯಾವ ದೇಶದ ಯಾವ ಗೋಡೆ ಮೇಲಿದೆಯೋ! ಅದರ ಕೆಳಗೆ ಏನು ಬರೆದಿದ್ದಾರೋ! ಹುಡುಗರು ಆಮೇಲೆ ಫೋನಿನ ಬಗ್ಗೆ ಗೊಣಗಿದರು, ಆದರೆ ಬ್ಯಾಗಿಗೆ ಹಾಕಿದರು.

ಉಡುಗೊರೆ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಇದರಲ್ಲಿ ತಪ್ಪು ಮಾಡುವವರು ಮಕ್ಕಳಲ್ಲ, ನಾವು. ಒಬ್ಬ ತಾಯಿ ಮೂರು ಕಿಲೋ ಚಾಕೊಲೇಟು, ಒಂದು ಮೂಟೆ ಹಳೇ ಟೀ ಶರ್ಟು ಕಟ್ಟಿ ಕಳಿಸಿದ್ದರು. ಬರಿಗೈಲಿ ಹೋಗಬಾರದು ಅನ್ನುವುದು ನಮ್ಮ ಕಡೆಯ ಪದ್ಧತಿ, ಒಪ್ಪುತ್ತೇನೆ. ಆದರೆ ರಸ್ತೆಯಲ್ಲಿ ಹಂಚಿದರೆ ಮಾರನೇ ದಿನ ಆ ಮಕ್ಕಳು ಸ್ಕೂಲು ಬಿಟ್ಟು ಬಸ್ಸು ಕಾಯುತ್ತಾರೆ. ಅಂಕೋರಿನಲ್ಲಿ "ಒನ್ ಡಾಲರ್" ಅಂತ ಪೋಸ್ಟ್‌ಕಾರ್ಡು ಮಾರುವ ಮಗುವಿನ ಕೈಯಿಂದ ಕೊಂಡರೂ ಅಷ್ಟೇ. ಕೊಡುವುದಿದ್ದರೆ ಅಲ್ಲಿಯ ಸಂಸ್ಥೆಯವರನ್ನು ಕೇಳಿ, ಅವರ ಕೈಗೆ ಕೊಡಿ. ಚಾಕೊಲೇಟು ಹೇಗೂ ಕರಗಿ ಹೋಯಿತು.

ಇನ್ನು ಒಂದು ನಿಯಮಕ್ಕೆ ಚರ್ಚೆಯೇ ಇಲ್ಲ. ಸವೆದ ದಾರಿ ಬಿಟ್ಟು ಪೊದೆಗೆ ಇಳಿಯಬಾರದು, ಬಾತ್‌ರೂಮಿಗೆ ಅಂತಲೂ ಇಲ್ಲ. ಯುದ್ಧದ ಕಾಲದಲ್ಲಿ ಹೂತ ನೆಲಬಾಂಬುಗಳು ಆ ದೇಶದಲ್ಲಿ ಇನ್ನೂ ಪೂರ್ತಿ ತೆಗೆದಾಗಿಲ್ಲ.

ನಡವಳಿಕೆಯಲ್ಲಿ ನಮ್ಮ ಮನೆಯ ಮಕ್ಕಳಿಗೆ ಅರ್ಧ ಪಾಠ ಮೊದಲೇ ಬಂದಿರುತ್ತದೆ. ಚಪ್ಪಲಿ ಹೊರಗೆ ಬಿಡುವುದು, ಹಿರಿಯರ ಕಡೆ ಕಾಲು ಚಾಚದೇ ಇರುವುದು, ಕೈ ಮುಗಿಯುವುದು. ಕೈ ಮುಗಿಯುವುದಕ್ಕೆ ಅವರು ಸಂಪೆಯಾ ಅನ್ನುತ್ತಾರೆ. ಅದಕ್ಕೂ ಲೆಕ್ಕ ಇದೆ. ಸರಿಸಮಾನರಿಗೆ ಎದೆ ಹತ್ತಿರ, ದೊಡ್ಡವರಿಗೆ ಬಾಯಿ ಹತ್ತಿರ, ಟೀಚರಿಗೆ ಮೂಗಿನ ಹತ್ತಿರ, ಭಿಕ್ಷುಗಳಿಗೆ ಹುಬ್ಬಿನ ಹತ್ತಿರ. ಹೆಸರು ಹಿಡಿದು ಕರೆಯುವುದು ಕಡಿಮೆ. ಅಕ್ಕ, ಅಣ್ಣ ಇಬ್ಬರೂ ಬೋಂಗ್. ಚಿಕ್ಕಮ್ಮನ ವಯಸ್ಸಿನವರು ಮಿಂಗ್. ಅಜ್ಜ ಅಂದರೆ ತಾ. ಒಬ್ಬ ಹುಡುಗ "ಮಿಸ್, ತಾತನಲ್ಲಿ ಅರ್ಧ!" ಅಂದ. ಆದರೆ ಒಂದು ಕಡೆ ನಾವೇ ಎಡವುತ್ತೇವೆ. ನಮ್ಮಲ್ಲಿ ಮಕ್ಕಳ ತಲೆ ಸವರಿ ಆಶೀರ್ವಾದ ಮಾಡುತ್ತೇವಲ್ವಾ? ಅಲ್ಲಿ ತಲೆ ಮುಟ್ಟಬಾರದು. ಮೊದಲನೇ ದಿನವೇ ನನ್ನ ಕೈ ತಾನಾಗಿ ಎದ್ದಿತ್ತು, ಅರ್ಧಕ್ಕೆ ಇಳಿಸಿದೆ.

ಈಗ ಕೆಲಸದ ವಿಷಯ. ಆ ಹಳ್ಳಿಯ ಮನೆಗಳಿಗೆ ಬಯೋಸ್ಯಾಂಡ್ ಫಿಲ್ಟರ್ ಕೂರಿಸುವ ಕೆಲಸ ನಡೆಯುತ್ತಿತ್ತು. ಸೊಂಟಮಟ್ಟದ ಕಾಂಕ್ರೀಟ್ ಡಬ್ಬ. ತಳದಲ್ಲಿ ಜಲ್ಲಿ, ಮೇಲೆ ಮರಳು. ಮೇಲಿನಿಂದ ನೀರು ಸುರಿದರೆ ಪಕ್ಕದ ಕೊಳವೆಯಿಂದ ಸೋಸಿ ಬರುತ್ತದೆ. ಕರೆಂಟು ಬೇಡ. ಕೆಲಸದ ಯಜಮಾನಿ ಆ ಊರಿನ ಒಬ್ಬ ಮಿಂಗ್. ನಮ್ಮ 14 ಮಕ್ಕಳಿಗೆ ಅವಳು ಕೊಟ್ಟ ಕೆಲಸ: ಮರಳು ತೊಳೆಯುವುದು. ನಾಲ್ಕು ದಿನ, ಬರೀ ಮರಳು. ಮಳೆಗಾಲ ಬೇರೆ, ಕಾಲೆಲ್ಲ ಕೆಸರು. ಎರಡನೇ ದಿನ ಒಬ್ಬಳು ಬಂದು "ಮಿಸ್, ನಾನು ಜನರಿಗೆ ಸಹಾಯ ಮಾಡಲು ಬಂದೆ, ಬಕೆಟ್ ಕಲಕುವುದಕ್ಕಲ್ಲ" ಅಂದಳು.

ನಮ್ಮ ಹಾಳೆಯಲ್ಲಿ ಹತ್ತನೇ ನಿಯಮ: ಕೆಲಸ ಹೇಳುವವರು ಊರಿನವರು, ಮಾಡುವವರು ನಾವು. ಅದನ್ನು ತೋರಿಸಿದೆ. ಅವಳು ಸಿಟ್ಟಿನಿಂದಲೇ ಹೋಗಿ ತೊಳೆದಳು. ಎಷ್ಟು ತೊಳೆದಳೆಂದರೆ ನೀರು ಕನ್ನಡಿ ಹಾಗೆ ತಿಳಿಯಾಯಿತು. ಮಿಂಗ್ ಬಂದು ಗಾಜಿನ ಬಾಟಲಿಗೆ ಆ ಮರಳು, ನೀರು ಹಾಕಿ ಗರಗರ ತಿರುಗಿಸಿದಳು. ಮೂರು ನಾಲ್ಕು ಸೆಕೆಂಡು ಬಿಟ್ಟು ಪಕ್ಕದಿಂದ ನೋಡಿ, ಸರಿಯಿಲ್ಲ ಅಂತ ತಲೆ ಆಡಿಸಿದಳು. ತೀರ ತಿಳಿಯಾದರೆ ಸಣ್ಣ ಮರಳೆಲ್ಲ ಕೊಚ್ಚಿ ಹೋಗಿದೆ ಅಂತ ಅರ್ಥ. ಸೋಸುವುದೇ ಆ ಸಣ್ಣ ಮರಳು. ಸ್ವಲ್ಪ ಮಬ್ಬು ಉಳಿಯಬೇಕು. ಅರ್ಧ ದಿನದ ಕೆಲಸ ದಂಡ. ಮಿಂಗ್ ಬೈಯಲಿಲ್ಲ, ತೊಳೆಯದ ಮರಳು ಒಂದು ಬುಟ್ಟಿ ತಂದು ಅದಕ್ಕೆ ಬೆರೆಸಿದಳು. ಹುಡುಗಿ ಅವತ್ತಿನಿಂದ ಬಾಟಲಿ ಕೆಳಗಿಡಲಿಲ್ಲ.

ಮಧ್ಯೆ ಮೂರು ದಿನ ಕೆಲಸ ನಿಂತಿತು. ಸೆಪ್ಟೆಂಬರ್ 27ರಿಂದ ಪ್ಚುಮ್ ಬೆನ್ ಹಬ್ಬದ ರಜೆ. "ನಾವು ಹತ್ತೇ ದಿನಕ್ಕೆ ಬಂದಿದ್ದೇವೆ, ಇವರು ರಜೆ ಹಾಕುತ್ತಾರಾ?" ಅಂತ ಹುಡುಗರು. ನನಗೆ ನಗು ಬಂತು. ಬೆನ್ ಅಂದರೆ ನಮ್ಮ ಪಿಂಡವೇ, ಆ ಪದದಿಂದಲೇ ಬಂದದ್ದು. ಸತ್ತ ಹಿರಿಯರಿಗೆ ನಸುಕಿನ ಕತ್ತಲಲ್ಲಿ ಅನ್ನದ ಉಂಡೆ ಇಡುತ್ತಾರೆ. ಅದೇ 28ಕ್ಕೆ ನಮ್ಮ ಮಹಾಲಯ ಅಮಾವಾಸ್ಯೆ. ಮಿಂಗ್ ನಮ್ಮನ್ನೂ ದೇವಸ್ಥಾನಕ್ಕೆ ಕರೆದಳು. ಭುಜ, ಮಂಡಿ ಮುಚ್ಚುವ ಬಟ್ಟೆ ಹಾಕಿ, ಫೋನು ರೂಮಿನಲ್ಲೇ ಬಿಟ್ಟು ಹೋದೆವು. ಅವಳು ಉಂಡೆ ಇಡುತ್ತಾ ಹೆಸರು ಹೇಳುತ್ತಾ ಹೋದಳು. ಆ ದೇಶದಲ್ಲಿ ಅವಳ ವಯಸ್ಸಿನವರ ಹತ್ತಿರ ಆ ಪಟ್ಟಿ ಉದ್ದ. ನಮ್ಮ ಮಕ್ಕಳಲ್ಲಿ ಯಾರೂ ರಜೆಯ ಮಾತು ಮತ್ತೆ ಎತ್ತಲಿಲ್ಲ.

ಆ ಟಿಕೆಟ್ ದುಡ್ಡಿನಲ್ಲಿ ಎಷ್ಟೋ ಫಿಲ್ಟರ್ ಆಗುತ್ತಿತ್ತಲ್ವಾ ಅಂತ ನೀವು ಕೇಳಬಹುದು. ಆಗುತ್ತಿತ್ತು. ಅದಕ್ಕೇ ನಾನು ಈಗ ಇದನ್ನು ಸೇವೆ ಅನ್ನುವುದಿಲ್ಲ, ಕಲಿಯುವ ಪ್ರವಾಸ ಅನ್ನುತ್ತೇನೆ. ದುಡ್ಡು ಬೇರೆಯಾಗಿ ಕಳಿಸಿ.

ಹಾಳೆಯ ಕೊನೆಯ ನಿಯಮ ಮಕ್ಕಳೇ ವಾಪಸ್ ಬರುವಾಗ ವಿಮಾನದಲ್ಲಿ ಸೇರಿಸಿದ್ದು. "ಅವರ ಹತ್ತಿರ ಏನೂ ಇಲ್ಲ, ಆದರೂ ಎಷ್ಟು ಖುಷಿಯಾಗಿದ್ದಾರೆ" ಅಂತ ಯಾರೂ ಹೇಳಬಾರದು. ಹೋಗಿ ಬಂದವರೆಲ್ಲ ಅಸೆಂಬ್ಲಿಯಲ್ಲಿ ಹೇಳುವ ಮಾತು ಅದು. ಮಿಂಗ್ ಮಗ ಥಾಯ್ಲೆಂಡಿನಲ್ಲಿ ಕೂಲಿಗೆ ಹೋಗಿದ್ದ, ಮನೆ ಮೇಲೆ ಸಾಲ ಇತ್ತು. ಅದು ನಮ್ಮ ಮಕ್ಕಳಿಗೆ ಗೊತ್ತಾಗಿತ್ತು.

ಎರಡು ವಾರ ಕಳೆದು ಅಸೆಂಬ್ಲಿಯಲ್ಲಿ ಮಾತಾಡಿದ್ದು ಆ ಬಾಟಲಿ ಹುಡುಗಿ. ಮರಳು ಹೇಗೆ ತೊಳೆಯಬೇಕು ಅಂತಲೇ ಐದು ನಿಮಿಷ ಹೇಳಿದಳು. ಮರಳಿನ ಮೇಲೆ ಜೀವಾಣುಗಳ ಒಂದು ಪದರ ಕಟ್ಟಬೇಕು, ಅದು ಬೆಳೆದರೇನೇ ನೀರು ಚೆನ್ನಾಗಿ ಶುದ್ಧ ಆಗುವುದು, ಅದಕ್ಕೆ 30 ದಿನದವರೆಗೂ ಬೇಕು, ಮನೆಯವರು ದಿನಾ ನೀರು ಸುರಿಯುತ್ತಲೇ ಇರಬೇಕು ಅಂದಳು. ಹಿಂದಿನ ಸಾಲಿನಿಂದ ಯಾರೋ ಕೇಳಿದರು, "ಹಾಗಾದರೆ ಅವರಿಗೆ ಈಗ ಒಳ್ಳೇ ನೀರು ಸಿಗುತ್ತಾ?"

"ಗೊತ್ತಿಲ್ಲ" ಅಂದಳು. "ಇನ್ನೂ ಹದಿನಾರು ದಿನ ಇದೆ."

ನಮಸ್ಕಾರ.