ಮಗುವಿನ ಮೊದಲ ಚಿತ್ರ

ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ. ಅದರಲ್ಲೂ ಅಡುಗೆಮನೆಯಲ್ಲಿ ರೇಡಿಯೋ ಇಟ್ಟುಕೊಂಡ ಅತ್ತೆಯಂದಿರಿಗೆ. ಸೊಸೆಯನ್ನು ಸ್ಕ್ಯಾನಿಂಗಿಗೆ ಯಾವಾಗ ಕರೆದುಕೊಂಡು ಹೋಗುವುದು ಅಂತ ತೀರ್ಮಾನ ಮಾಡುವವರು ನೀವೇ ಅನ್ನುವುದು, ಕಾರವಾರದಲ್ಲಿ ಇಷ್ಟು ವರ್ಷ ಹೆರಿಗೆ ಮಾಡಿಸಿದ ನನಗೆ ಗೊತ್ತಿದೆ.

ನನಗೆ ಕೊಟ್ಟ ವಿಷಯ, ಗರ್ಭದೊಳಗಿನ ಮಗುವಿನ ಚಿತ್ರ. ಹೇಳಲಿಕ್ಕಿರುವುದು ಒಂದೇ ಮಾತು, ಮೊದಲೇ ಹೇಳಿಬಿಡುತ್ತೇನೆ. ಮೊದಲ ಚಿತ್ರ ಮೂರು ತಿಂಗಳೊಳಗೆ ಆಗಬೇಕು. ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿ ಬಂದು, "ಡಾಕ್ಟ್ರೇ, ಮುಖ ಕಾಣೋ ಹಾಗೆ ಒಂದು ಫೋಟೋ ಕೊಡಿ" ಅಂತೀರಿ. ಕೊಡಬಹುದು. ಮೂಗು ಅಪ್ಪನ ಕಡೆಯದೋ ಅಮ್ಮನ ಕಡೆಯದೋ ಅಂತ ವಾದ ಮಾಡಲಿಕ್ಕೆ ಅದು ಸಾಕು. ನನಗೆ ಬೇಕಾದ ಚಿತ್ರ ಅದಲ್ಲ.

ಒಂದು ಸಂಗತಿ ಹೇಳುತ್ತೇನೆ. ನನ್ನ ಕೋಣೆಯ ಗೋಡೆಯ ಮೇಲೆ ಒಂದು ದೊಡ್ಡ ಚಿತ್ರವಿತ್ತು. ಕತ್ತಲೆಯಲ್ಲಿ ತೇಲುತ್ತಿರುವ ಮಗು, ಸುತ್ತ ನೀರ್ಗುಳ್ಳೆಯಂಥ ತೆಳ್ಳನೆ ಚೀಲ, ಬಾಯಿಯ ಹತ್ತಿರ ಕೈ. ಔಷಧಿ ಮಾರುವವರು ಕೊಟ್ಟದ್ದು. ಬಂದವರೆಲ್ಲ "ಎಷ್ಟು ಚಂದ" ಅಂದು ಹೋಗುತ್ತಿದ್ದರು. ಒಂದು ದಿನ ಶಿರಸಿ ಕಡೆಯ ಅಜ್ಜಿಯೊಬ್ಬರು ಬಂದರು. ಮೊಮ್ಮಗನಿಗೆ ಕೈಗಾದಲ್ಲಿ ಕೆಲಸ, ಅವನ ಹೆಂಡತಿಗೆ ಎರಡು ತಿಂಗಳು. ಅಜ್ಜಿ ಕೂರಲೇ ಇಲ್ಲ. ಕನ್ನಡಕ ಮೇಲೇರಿಸಿ, ಚಿತ್ರಕ್ಕೆ ಮೂಗು ತಾಗುವಷ್ಟು ಹತ್ತಿರ ನಿಂತು ಕೇಳಿದರು: "ತಂಗೀ, ಈ ಫೋಟೋ ತೆಗೆದವ ಎಲ್ಲಿ ನಿಂತ್ಕಂಡಿದ್ದ?"

ನಾನು ನಕ್ಕೆ. ಅವರು ನಗಲಿಲ್ಲ. "ಹೊಟ್ಟೆ ಒಳಗೆ ಅಷ್ಟು ಬೆಳಕು ಎಲ್ಲಿಂದ ಬಂತು? ದೀಪ ಹಚ್ಚಿದ್ದು ಯಾರು?"

ನೋಡಿ, ಎಂಬಿಬಿಎಸ್ ಓದಿ, ಮೇಲೊಂದು ಡಿಗ್ರಿ ಮಾಡಿ, ಆ ಚಿತ್ರದ ಕೆಳಗೇ ಕೂತು ಔಷಧಿ ಚೀಟಿ ಬರೆಯುತ್ತಿದ್ದ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಉತ್ತರವೇನೋ ಗೊತ್ತಿತ್ತು. ಇಂಥ ಚಿತ್ರಗಳಿಗೆ ಮೂಲ ಸ್ವೀಡನ್ನಿನ ಛಾಯಾಗ್ರಾಹಕ ಲೆನಾರ್ಟ್ ನಿಲ್ಸನ್. 1965ರ ಏಪ್ರಿಲ್ 30ರ, ಅಮೆರಿಕದ ಲೈಫ್ ಪತ್ರಿಕೆಯ ಮುಖಪುಟದಲ್ಲಿ ಹದಿನೆಂಟು ವಾರದ ಭ್ರೂಣ. ಆ ಸಂಚಿಕೆಯ ಎಂಬತ್ತು ಲಕ್ಷ ಪ್ರತಿಗಳು ನಾಲ್ಕೇ ದಿನದಲ್ಲಿ ಖಾಲಿಯಾದವು. ಆ ಸರಣಿಯಲ್ಲಿ ಬದುಕಿರುವ ಮಗುವನ್ನು ಬಸಿರೊಳಗೇ ತೆಗೆದ ಚಿತ್ರ ಒಂದೇ ಒಂದು: ತೆಳ್ಳನೆಯ ಕೊಳವೆಯ ತುದಿಗೆ ಮಸೂರ, ಪುಟ್ಟ ಫ್ಲಾಶು ಕಟ್ಟಿ ತೆಗೆದದ್ದು. ಉಳಿದವು ಹೆಚ್ಚಿನವು ಗರ್ಭ ಇಳಿದುಹೋದ ಮೇಲೆ, ಅಥವಾ ಅಲ್ಲಿಯ ಕಾಯಿದೆ ಪ್ರಕಾರ ತೆಗೆಸಿದ ಮೇಲೆ, ಹೊರಗಿಟ್ಟು, ಬೆಳಕು ಬಿಟ್ಟು ತೆಗೆದವು.

ಇದನ್ನು ಸುತ್ತಿ ಬಳಸಿ ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ದನಿ ತಗ್ಗಿಸಿ ಕೇಳಿದರು: "ಹಂಗಾದ್ರೆ ಈ ಶಿಶು ಉಳದ್ದಿಲ್ಯ?"

ನನ್ನ ಗೋಡೆಯ ಮೇಲಿದ್ದದ್ದು ಯಾರು ತೆಗೆದದ್ದೋ, ಹೇಗೆ ತೆಗೆದದ್ದೋ. ಏನು ಹೇಳಲಿ? ಪಕ್ಕದಲ್ಲಿ ಆ ಹುಡುಗಿ ಹೊಟ್ಟೆಯ ಮೇಲೆ ಕೈಯಿಟ್ಟು ಕೂತಿದ್ದಾಳೆ. "ಬಸುರಿ ಕೂತ್ಕಳೋ ಜಾಗ ಇದು" ಅಂದರು ಅಜ್ಜಿ, ಅಷ್ಟೇ. ಅದೇ ಸಂಜೆ ಚಿತ್ರ ಇಳಿಸಿದೆ. ಗೋಡೆಯಲ್ಲಿ ಚೌಕಾಕಾರದ ಬಿಳಿ ಕಲೆ ಎರಡು ಮಳೆಗಾಲ ಹಾಗೇ ಇತ್ತು.

ಅವತ್ತು ಅಜ್ಜಿಯ ಮಾತು ಮುಗಿದ ಮೇಲೆ ಹುಡುಗಿಯನ್ನು ಮಲಗಿಸಿ ಜೆಲ್ ಹಚ್ಚಿ, ಪರದೆ ಅಜ್ಜಿಯ ಕಡೆ ತಿರುಗಿಸಿದೆ. ಬೂದುಬಣ್ಣ, ಮಬ್ಬು. ನಡುವೆ ಒಂದು ಕಪ್ಪು ಚೀಲ, ಅದರ ಅಂಚಿನಲ್ಲಿ ಅಕ್ಕಿಕಾಳಿಗಿಂತ ತುಸು ದೊಡ್ಡದೊಂದು ಚೂರು, ಆ ಚೂರಿನೊಳಗೆ ಮಿಣುಕ್ ಮಿಣುಕ್ ಅಂತ ಏನೋ. "ಇದೆಂತು?" "ಎದೆ ಬಡಿತ, ಅಜ್ಜಿ. ಈಗ, ಇಲ್ಲೇ." ಅವರು ಪರದೆಗೆ ಕೈ ಮುಗಿದರು. ಚಂದದ ಚಿತ್ರಕ್ಕೆ ಮುಗಿದಿರಲಿಲ್ಲ.

ನನಗೆ ಕೊಟ್ಟದ್ದು ಹತ್ತು ನಿಮಿಷ, ಅದರಲ್ಲಿ ಏಳು ಅಜ್ಜಿಗೇ ಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ಇಲ್ಲಿ ದೀಪವಿಲ್ಲ, ಶಬ್ದ. ಬೈತಖೋಲದಲ್ಲಿ ಮೀನಿನ ಬೋಟು ನಡೆಸುವ ತಾಂಡೇಲರಿಗೆ ಇದನ್ನು ವಿವರಿಸುವುದೇ ಬೇಡ. ಬೋಟಿನ ಫಿಶ್ ಫೈಂಡರ್ ನೀರಿನಾಳಕ್ಕೆ ಶಬ್ದ ಬಿಡುತ್ತದೆ, ಮೀನಿನ ಹಿಂಡಿಗೆ ತಾಗಿ ಅದು ವಾಪಸು ಬರುತ್ತದೆ. ಸ್ಕ್ಯಾನಿಂಗ್ ಅದೇ. ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಎಂಬ ಹೆರಿಗೆ ವೈದ್ಯರು, ಉಕ್ಕಿನಲ್ಲಿ ಬಿರುಕು ಹುಡುಕುವ ಯಂತ್ರವನ್ನೇ ಹೊಟ್ಟೆಯ ಮೇಲಿಟ್ಟು ನೋಡಿ, 1958ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು.

ಮೂರು ತಿಂಗಳೊಳಗೇ ಯಾಕೆ? ಆಗ ಮಕ್ಕಳೆಲ್ಲ ಹೆಚ್ಚುಕಮ್ಮಿ ಒಂದೇ ಅಳತೆಯಲ್ಲಿ ಬೆಳೆಯುತ್ತವೆ. ಹನ್ನೆರಡನೇ ವಾರಕ್ಕೆ ತಲೆಯಿಂದ ಕುಂಡೆಯವರೆಗೆ ಐದೂವರೆ ಸೆಂಟಿಮೀಟರ್, ಸಿಪ್ಪೆ ಸುಲಿಯದ ಅಡಿಕೆಯಷ್ಟು. ಆಗ ಅಳೆದರೆ ಹೆರಿಗೆಯ ಲೆಕ್ಕ ಐದಾರು ದಿನ ಆಚೀಚೆ ಆದೀತು, ಅಷ್ಟೇ. ಎಂಟನೇ ತಿಂಗಳಲ್ಲಿ ಮೊದಲ ಸಲ ಬಂದರೆ? ಒಂದು ಅಪ್ಪನ ಹಾಗೆ ದೊಡ್ಡದು, ಒಂದು ಅಮ್ಮನ ಹಾಗೆ ಸಣ್ಣದು. ಎರಡು ಮೂರು ವಾರ ತಪ್ಪುತ್ತದೆ. ದಿನ ಮೀರಿತೋ, ಇನ್ನೂ ತುಂಬಿಲ್ಲವೋ ಅಂತ ನಾನು ಯಾರನ್ನು ಕೇಳಲಿ? ಅದಕ್ಕೇ ಮತ್ತೆ ಹೇಳುತ್ತೇನೆ, ಮೊದಲ ಚಿತ್ರ ಮೂರು ತಿಂಗಳೊಳಗೆ. ಹದಿನೆಂಟರಿಂದ ಇಪ್ಪತ್ತನೇ ವಾರದೊಳಗೆ ಇನ್ನೊಂದು, ಅಂಗಾಂಗ ನೋಡಲಿಕ್ಕೆ. ಮುಖದ ಫೋಟೋ ಆಮೇಲೆ, ಬೇಕಿದ್ದರೆ.

ಮಗು ಬೇಕು ಅಂತ ನಿಶ್ಚಯ ಮಾಡಿದ ದಿನದಿಂದಲೇ ದಿನಕ್ಕೊಂದು ಫೋಲಿಕ್ ಆಸಿಡ್ ಮಾತ್ರೆ ಶುರು ಮಾಡಿ. ಮೆದುಳು ಬೆನ್ನುಹುರಿ ಆಗುವ ಕೊಳವೆ ಗರ್ಭ ನಿಂತ ಇಪ್ಪತ್ತೆಂಟು ದಿನದೊಳಗೆ ಮುಚ್ಚಿಕೊಳ್ಳುತ್ತದೆ. ಆಗ ಎಷ್ಟೋ ಜನರಿಗೆ ತಾವು ಬಸುರಿ ಅಂತಲೇ ಗೊತ್ತಿರುವುದಿಲ್ಲ. ಇನ್ನು ಗಂಡೋ ಹೆಣ್ಣೋ ಅಂತ ಕೇಳಬೇಡಿ. 1994ರ ಕಾಯಿದೆ ಪ್ರಕಾರ ಹೇಳುವುದೂ ಅಪರಾಧ, ಕೇಳುವುದೂ ಅಪರಾಧ. ಪಿಸುಮಾತಿನಲ್ಲಿ ಕೇಳಿದರೂ ಅಷ್ಟೇ.

ಬರುವಾಗ ಕೊನೆಯ ಮುಟ್ಟಿನ ತಾರೀಕನ್ನು ಕ್ಯಾಲೆಂಡರಿನಲ್ಲಿ ನೋಡಿ ಬರೆದುಕೊಂಡು ಬನ್ನಿ. "ಗಣೇಶ ಚೌತಿ ಆದ ಮೇಲೆ" ಅಂದರೆ ನನಗೆ ಲೆಕ್ಕ ಹತ್ತುವುದಿಲ್ಲ. ತಾಯಿ ಕಾರ್ಡ್ ಆಗಿದ್ದರೆ ಅದನ್ನೂ ತನ್ನಿ. ಮೊದಲ ಸ್ಕ್ಯಾನಿಂಗಿಗೆ ಹೊಟ್ಟೆ ತುಂಬ ನೀರು ಕುಡಿದಿರಬೇಕು. ದೇವಿಮನೆ ಘಟ್ಟ ಇಳಿದು ಬಸ್ಸಿನಲ್ಲಿ ಬರುವವರು ಮಾತ್ರ ಮನೆಯಲ್ಲಿ ಕುಡಿದು ಹೊರಡಬೇಡಿ. ಇಲ್ಲಿಗೆ ಬಂದ ಮೇಲೆ ಕುಡಿಯಿರಿ, ನೀರು ಕಾಯಿಸಿ ಇಟ್ಟಿರುತ್ತೇವೆ. ನಮಸ್ಕಾರ.