ಅವನನ್ನು ಹಿಡಿದರೆ ನನಗೆಂತ?

[ಕ್ಯಾಮೆರಾ ಎದುರು]

ಮೊನ್ನೆ ಬದಿಯಡ್ಕದ ಚಾ ಅಂಗಡಿಯಲ್ಲಿ ಒಬ್ಬರು ಕೇಳಿದರು. "ಯಾರನ್ನೋ ಹಿಡಿದು ಒಳಗೆ ಹಾಕಿದರೆ ನನಗೆಂತ? ನಾನು ಅಡಿಕೆ ಸುಲಿದುಕೊಂಡು ಇರುವವ."

ಒಳ್ಳೇ ಪ್ರಶ್ನೆ. ಉತ್ತರ ಇರುವುದು ನಮ್ಮದೇ ಹಳೇ ಎಂಪಿಯ ಕೇಸಿನಲ್ಲಿ.

[ಫೋಟೋ: ಎ.ಕೆ. ಗೋಪಾಲನ್]

1957ರಿಂದ 3 ಸಲ ಕಾಸರಗೋಡಿನಿಂದ ಗೆದ್ದ ಕಮ್ಯುನಿಸ್ಟ್ ನಾಯಕರು. ಅವರ ರಾಜಕೀಯ ನಿಮಗೆ ಹಿಡಿಸದೆ ಇರಬಹುದು, ಅದು ಇವತ್ತು ಬೇಡ. ನಾವು 1950ಕ್ಕೆ ಹೋಗೋಣ. ನಾವೆಲ್ಲ ಆಗ ಮದ್ರಾಸ್ ರಾಜ್ಯ. ಗೋಪಾಲನ್ 1947ರ ಡಿಸೆಂಬರಿನಿಂದ ಬಂಧನದಲ್ಲಿ. ಸಂವಿಧಾನ ಬಂದು ಒಂದೇ ತಿಂಗಳಿಗೆ ಮುಂಜಾಗ್ರತಾ ಬಂಧನ ಕಾಯ್ದೆ ಬಂತು. ತಪ್ಪು ಮಾಡಿದ್ದಕ್ಕಲ್ಲ, ಮುಂದೆ ಮಾಡಬಹುದು ಅಂತ ಹಿಡಿಯುವುದು. ಮಾರ್ಚ್ 1ಕ್ಕೆ, ಜೈಲಿನಲ್ಲೇ ಇದ್ದ ಗೋಪಾಲನ್ ಕೈಗೆ ಹೊಸ ಬಂಧನದ ಆದೇಶ ಕೊಟ್ಟರು. ಅವರು ಸುಪ್ರೀಂ ಕೋರ್ಟಿಗೆ ಹೋದರು.

ಈಗ ನನಗೆ ತುಂಬಾ ಇಷ್ಟದ ಭಾಗ. ಆ ಕಾಯ್ದೆಯ 14ನೇ ಸೆಕ್ಷನ್. ಯಾಕೆ ಹಿಡಿದಿದ್ದೇವೆ ಅಂತ ಸರ್ಕಾರ ನಿಮಗೆ ತಿಳಿಸುತ್ತದೆ. ಆದರೆ ಅದನ್ನು ನೀವು ಕೋರ್ಟಿನಲ್ಲಿ ಹೇಳುವ ಹಾಗಿಲ್ಲ. ಹೊರಗೆ ಬಾಯಿ ಬಿಟ್ಟರೆ ಅದೇ ಇನ್ನೊಂದು ಅಪರಾಧ!

"ಯಾಕಪ್ಪ ಹಿಡಿದರು?"
"ಗೊತ್ತುಂಟು ಸ್ವಾಮಿ. ಹೇಳಿದರೆ ಮತ್ತೊಂದು ಕೇಸು."

ಇದನ್ನು ಬರೆದದ್ದು ಯಕ್ಷಗಾನದ ಹಾಸ್ಯಗಾರ ಅಲ್ಲ ಮಾರಾಯ್ರೆ, ಪಾರ್ಲಿಮೆಂಟು. 6 ನ್ಯಾಯಮೂರ್ತಿಗಳೂ ಸೇರಿ ಅದೊಂದನ್ನು ಕಿತ್ತು ಹಾಕಿದರು.

ಕಾಯ್ದೆ ಮಾತ್ರ ಉಳಿಯಿತು. ಪಾರ್ಲಿಮೆಂಟ್ ಕಾನೂನು ಮಾಡಿದೆ ಅಲ್ವಾ, ಸಾಕು, ಅದು ನ್ಯಾಯವಾ ಅಂತ ನಾವು ನೋಡುವುದಿಲ್ಲ ಅಂತ ಬಹುಮತದವರು. ನ್ಯಾಯಮೂರ್ತಿ ಫಜ್ಲ್ ಅಲಿ ಒಪ್ಪಲಿಲ್ಲ. ಗೋಪಾಲನ್ ಸೋತರು.

[ದೃಶ್ಯ: ತೋಡಿನ ಕಟ್ಟ]

ಇಲ್ಲಿ ನೋಡಿ. ಮಳೆ ಮುಗಿದ ಮೇಲೆ ನೀರು ನಿಲ್ಲಲಿ ಅಂತ ತೋಡಿಗೆ ಕಟ್ಟ, ಅಂದರೆ ಅಡ್ಡ ಒಡ್ಡು, ಹಾಕುತ್ತೇವೆ. ಏಡಿ ತೂತು ಕೊರೆಯುವುದು ಆಚೆ ದಡದವರ ಬದಿಯಲ್ಲಿ. ನಮಗೂ ಅವರಿಗೂ ಮಾತಿಲ್ಲ, ಹಾಗಾಗಿ ಸುಮ್ನೆ ಇರುತ್ತೇವೆ. ಆದರೆ ನೀರಿಗೆ ಆಚೆ ಈಚೆ ಉಂಟಾ? ಫೆಬ್ರವರಿಯಲ್ಲಿ ನಮ್ಮ ಬಾವಿಯೂ ತಳ ಕಾಣುತ್ತದೆ. ತೀರ್ಪೂ ಹಾಗೇ. ಕೇಸು ಒಬ್ಬನದ್ದು, ಅದರಿಂದ ಹುಟ್ಟಿದ ನಿಯಮ ಎಲ್ಲರಿಗೂ.

ಟೈಮ್ ಜಾಸ್ತಿಯಾಯ್ತು, ಓಡಿಸುತ್ತೇನೆ. 1975, ತುರ್ತು ಪರಿಸ್ಥಿತಿ. ಕಾಯ್ದೆಯ ಹೆಸರು ಬೇರೆ, ಮೀಸಾ, ಅಂದರೆ ಆಂತರಿಕ ಭದ್ರತಾ ಕಾಯ್ದೆ. ಇದೂ ವಿಚಾರಣೆ ಇಲ್ಲದೆ ಒಳಗೆ ಹಾಕುವುದೇ. ಈ ಸಲ ಬೆಂಗಳೂರಿನಲ್ಲಿ ಸಿಕ್ಕಿದ್ದು ವಾಜಪೇಯಿ, ಅಡ್ವಾಣಿ. ಗೋಪಾಲನ್ ಪಕ್ಷಕ್ಕೆ ಪೂರ್ತಿ ಎದುರು ಬದಿಯವರು! ಕರ್ನಾಟಕ ಸೇರಿ 9 ಹೈಕೋರ್ಟುಗಳು ಬಂಧಿತರ ಅರ್ಜಿ ಕೇಳಬಹುದು ಅಂದವು. 1976ರಲ್ಲಿ ಸುಪ್ರೀಂ ಕೋರ್ಟ್ 4-1ರಲ್ಲಿ ಆ ಬಾಗಿಲನ್ನೂ ಮುಚ್ಚಿತು.

ತೂತು ಮುಚ್ಚಲು ಶುರುವಾದದ್ದು 1978ರಲ್ಲಿ. ಅದೂ ಒಬ್ಬರ ಕೇಸೇ. ಸರ್ಕಾರ ಮೇನಕಾ ಗಾಂಧಿಯ ಪಾಸ್‌ಪೋರ್ಟ್ ಇಟ್ಟುಕೊಂಡು ಕಾರಣ ಹೇಳಲಿಲ್ಲ. ಕಾನೂನು ಇದ್ದರೆ ಸಾಲದು, ಅದರ ಕ್ರಮವೂ ನ್ಯಾಯವಾಗಿರಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು.

ಅಂದ ಹಾಗೆ, ಚಾ ಅಂಗಡಿಯ ಆ ಅಣ್ಣನ ಮಗ ದುಬೈಯಲ್ಲಿದ್ದಾನೆ. ನಾಳೆ ಇಲ್ಲಿ ಅವನ ಪಾಸ್‌ಪೋರ್ಟನ್ನು ಕಾರಣ ಹೇಳದೆ ಇಟ್ಟುಕೊಂಡರೆ, ವಕೀಲರು ಮೊದಲು ತೆಗೆಯುವುದು ಮೇನಕಾ ಗಾಂಧಿಯ ಆ ತೀರ್ಪನ್ನೇ.