ಸುಟ್ಟ ಗಾಯಕ್ಕೆ ಬೆಳ್ಳಿಯ ಡ್ರೆಸ್ಸಿಂಗ್

ಕೇಳುಗರಿಗೆ ನಮಸ್ಕಾರ.

ಸುಟ್ಟ ಗಾಯಕ್ಕೆ ಆಸ್ಪತ್ರೆಯಲ್ಲಿ ಬಿಳಿ ಮುಲಾಮು ಹಚ್ಚುವುದನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಅದರ ಹೆಸರು ಸಿಲ್ವರ್ ಸಲ್ಫಾಡಯಾಜಿನ್. ಹೌದು, ಅದರಲ್ಲಿ ಬೆಳ್ಳಿ ಇದೆ. 1968ರಲ್ಲಿ ನ್ಯೂಯಾರ್ಕಿನ ಚಾರ್ಲ್ಸ್ ಫಾಕ್ಸ್ ಇದನ್ನು ಬಳಕೆಗೆ ತಂದರು. ಬೆಲೆ ಕಡಿಮೆ, ಸುಲಭವಾಗಿ ಸಿಗುತ್ತದೆ. ಆದರೆ ದಿನಕ್ಕೆ ಒಂದು ಸಲ, ಕೆಲವೊಮ್ಮೆ ಎರಡು ಸಲ, ಹಳೆಯ ಮುಲಾಮು ತೊಳೆದು ಹೊಸದು ಹಚ್ಚಬೇಕು. ಹಸಿ ಗಾಯವನ್ನು ದಿನಾ ಬಿಚ್ಚಿ ತೊಳೆಯುವಾಗ ಮಕ್ಕಳು ಹೇಗೆ ಚೀರುತ್ತವೆ ಅಂತ ಸುಟ್ಟಗಾಯದ ವಾರ್ಡಿನ ಪಕ್ಕ ನಿಂತವರಿಗೆಲ್ಲ ಗೊತ್ತು.

ನ್ಯಾನೋ ಬೆಳ್ಳಿಯ ಡ್ರೆಸ್ಸಿಂಗ್ ಅಂದರೆ ಬೆಳ್ಳಿಯ ಅತಿ ಸಣ್ಣ ಕಣಗಳಿರುವ, ಗಾಯಕ್ಕೆ ಕಟ್ಟುವ ಪಟ್ಟಿ. ಅದರ ದೊಡ್ಡ ಉಪಕಾರ ಇರುವುದು ಇಲ್ಲೇ ಅಂತ ನಾನು ನಂಬಿದ್ದೇನೆ. ಒಮ್ಮೆ ಕಟ್ಟಿದರೆ ಮೂರು ದಿನ, ಕೆಲವು ಬಗೆಯವು ಏಳು ದಿನದವರೆಗೂ ಇರುತ್ತವೆ. ಗಾಯ ಬಿಚ್ಚುವುದು ಕಡಿಮೆಯಾದಷ್ಟೂ ನೋವು ಕಡಿಮೆ.

ಅಷ್ಟು ದಿನ ಹೇಗೆ ಕೆಲಸ ಮಾಡುತ್ತದೆ? ನ್ಯಾನೋ ಕಣದ ಗಾತ್ರ 1ರಿಂದ 100 ನ್ಯಾನೋಮೀಟರ್. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 80,000 ನ್ಯಾನೋಮೀಟರ್. ಅಷ್ಟೇ ಬೆಳ್ಳಿಯನ್ನು ಇಷ್ಟು ಸಣ್ಣಗೆ ಮಾಡಿದರೆ ಹೊರಮೈ ತುಂಬ ಜಾಸ್ತಿಯಾಗುತ್ತದೆ. ಗಾಯದ ತೇವ ತಾಗಿದಾಗ ಆ ಮೈಯಿಂದ ಬೆಳ್ಳಿಯ ಅಯಾನುಗಳು, ಅಂದರೆ ವಿದ್ಯುದಂಶ ಹೊತ್ತ ಬೆಳ್ಳಿಯ ಪರಮಾಣುಗಳು, ಸ್ವಲ್ಪಸ್ವಲ್ಪವಾಗಿ ಬಿಡುಗಡೆಯಾಗುತ್ತಲೇ ಇರುತ್ತವೆ. ಅವು ಬ್ಯಾಕ್ಟೀರಿಯಾದ ಹೊರಪೊರೆಗೆ ಅಂಟುತ್ತವೆ, ಒಳಗಿನ ಪ್ರೋಟೀನುಗಳನ್ನು ಕೆಡಿಸುತ್ತವೆ, ಅದರ ಉಸಿರಾಟವನ್ನೂ ವಂಶ ಬೆಳೆಯುವುದನ್ನೂ ತಡೆಯುತ್ತವೆ.

ಮನೆಯಲ್ಲಿ ಆರೈಕೆ ಮಾಡುವವರು ಒಂದು ಮಾತು ಗಮನಿಸಿ. ಕೆಲವು ಬೆಳ್ಳಿ ಡ್ರೆಸ್ಸಿಂಗುಗಳನ್ನು ಕಟ್ಟುವ ಮೊದಲು ಒದ್ದೆ ಮಾಡಬೇಕು. ಅದಕ್ಕೆ ಸಲೈನ್, ಅಂದರೆ ಆಸ್ಪತ್ರೆಯ ಉಪ್ಪುನೀರು, ಬೇಡ; ಸ್ಟೆರೈಲ್ ನೀರು, ಅಂದರೆ ರೋಗಾಣು ಇಲ್ಲದಂತೆ ಶುದ್ಧ ಮಾಡಿದ ನೀರು, ಬಳಸಿ. ಸಲೈನಿನ ಉಪ್ಪಿನಲ್ಲಿರುವ ಕ್ಲೋರೈಡ್ ಬೆಳ್ಳಿಯನ್ನು ಹಿಡಿದುಕೊಂಡು ಸಿಲ್ವರ್ ಕ್ಲೋರೈಡ್ ಆಗುತ್ತದೆ. ಅದು ಸರಿಯಾಗಿ ಕರಗುವುದಿಲ್ಲ. ಅಷ್ಟು ದುಡ್ಡು ಕೊಟ್ಟು ತಂದದ್ದು ಸುಮ್ನೆ ದಂಡ, ಅಲ್ವಾ?

ಬೆಳ್ಳಿ ರೋಗಾಣುವನ್ನು ಕೊಲ್ಲುತ್ತದೆ, ನಿಜ. ಚರ್ಮ ಬೆಳೆಸುವ ಕೆಲಸ ಮಾತ್ರ ನಮ್ಮ ದೇಹದ್ದೇ. ಬೆಳ್ಳಿ ಜಾಸ್ತಿಯಾದರೆ ಆ ಹೊಸ ಚರ್ಮದ ಕೋಶಗಳಿಗೂ ಪೆಟ್ಟು ಬೀಳುತ್ತದೆ. ಹಾಗಾಗಿ ಸೋಂಕಿಲ್ಲದ ಸಣ್ಣಪುಟ್ಟ ತರಚು ಗಾಯಕ್ಕೆಲ್ಲ ಇದು ಬೇಕಿಲ್ಲ. ಬ್ರಿಟನ್ನಿನಲ್ಲಿ ಕಾಲಿನ ಹುಣ್ಣು ಇದ್ದವರ ಮೇಲೆ ನಡೆದ ಒಂದು ಪರೀಕ್ಷೆಯ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. 12 ವಾರದ ಹೊತ್ತಿಗೆ ಹುಣ್ಣು ಮಾಯುವುದರಲ್ಲಿ ಬೆಳ್ಳಿ ಡ್ರೆಸ್ಸಿಂಗಿಗೂ ಬೆಳ್ಳಿ ಇಲ್ಲದ್ದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಖರ್ಚು ಮಾತ್ರ ಜಾಸ್ತಿಯಾಗಿತ್ತು. ಸೋಂಕು ತಗುಲಿದ ಗಾಯಕ್ಕೆ ಬಳಸಿದರೂ ಎರಡು ವಾರಕ್ಕೊಮ್ಮೆ, ಇದು ಇನ್ನೂ ಬೇಕಾ ಅಂತ ಡಾಕ್ಟರನ್ನು ಕೇಳಿ.

ಡ್ರೆಸ್ಸಿಂಗ್ ತೆಗೆದಾಗ ಸುತ್ತಲಿನ ಚರ್ಮ ಬೂದಿ ಬಣ್ಣಕ್ಕೆ ತಿರುಗಿದ್ದರೆ ಗಾಬರಿ ಬೇಡ. ಅದು ಬೆಳ್ಳಿಯ ಕಲೆ, ಸಾಮಾನ್ಯವಾಗಿ ಕ್ರಮೇಣ ಹೋಗುತ್ತದೆ. ಎಮ್‌ಆರ್‌ಐ ಮಾಡಿಸುವುದಿದ್ದರೆ ಡ್ರೆಸ್ಸಿಂಗ್ ಇದೆ ಅಂತ ಮೊದಲೇ ತಿಳಿಸಿ. ಜ್ವರ ಬಂದರೆ, ಕೆಟ್ಟ ವಾಸನೆ ಬಂದರೆ, ಗಾಯದ ಸುತ್ತ ಕೆಂಪು ಹರಡಿದರೆ ಮೂರು ದಿನ ಆಗಲಿ ಅಂತ ಕಾಯಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ. ನಮಸ್ಕಾರ.